ಅಡ್ಡ ಬಾರದ ನಾಯಿ

ಮೊದಲೇ ಹೇಳಿಬಿಡುತ್ತೇನೆ, ಆ ದಿನ ನನ್ನ ಕಾರಿಗೆ ಯಾವ ನಾಯಿಯೂ ಅಡ್ಡ ಬಂದಿರಲಿಲ್ಲ. ನಾಯಿ ಬಂತು ಎಂದು ಪೊಲೀಸರ ಮುಂದೆ ಹೇಳಿದವಳು ನಾನೇ. ಹುಮನಾಬಾದಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿರುವವಳು, ಲ್ಯಾಬ್ ರೆಕಾರ್ಡಿನಲ್ಲಿ ಒಂದೇ ಒಂದು ಸುಳ್ಳು ಅಳತೆ ಕಂಡರೂ ಪುಟ ಹರಿದು ಕೈಗೆ ಕೊಡುವವಳು, ನಡುರಸ್ತೆಯಲ್ಲಿ ನಿಂತು ಇಲ್ಲದ ನಾಯಿಯನ್ನು ಹುಟ್ಟಿಸಿದೆ. ಹುಟ್ಟಿಸುವುದು ಸುಲಭವಿತ್ತು. ಆಮೇಲೆ ಅದು ನನ್ನ ಬೆನ್ನು ಬಿಡಲಿಲ್ಲ.

ನಮ್ಮ ಮನೆ ಬಸವಕಲ್ಯಾಣದಲ್ಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಹೊರಟು, ಬಂಗ್ಲಾ ಕ್ರಾಸಿನಲ್ಲಿ ಹೈವೇ ಹತ್ತಿದರೆ ಒಂಬತ್ತೂಕಾಲಿಗೆಲ್ಲ ಕಾಲೇಜಿನ ಗೇಟಿನಲ್ಲಿರುತ್ತೇನೆ. ಗಾಡಿ ಓಡಿಸುವ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿದೆ. ನಮ್ಮ ಯಜಮಾನರು ಸ್ಟೇರಿಂಗ್ ಮುಟ್ಟಿದವರಲ್ಲ. ಹೆಂಡತಿ ಗಾಡಿ ಓಡಿಸುತ್ತಾಳೆ, ಗಂಡ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಾನೆ ಎಂದು ಓಣಿಯವರು ನಗುತ್ತಿದ್ದರು. ಅವರು ನಕ್ಕಷ್ಟೂ ನಾನು ಹಟ ಹಿಡಿದು ಚೆನ್ನಾಗಿ ಓಡಿಸಲು ಕಲಿತೆ. ಕ್ಲಾಸಿನಲ್ಲಿ ವೇಗದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ. "ಮುಂದಿನ ಗಾಡಿ ಯಾಕ ನಿಂತಿತು ಅನ್ನೂದು ಪ್ರಶ್ನಿ ಅಲ್ಲ. ಅದು ನಿಂದ್ರಬಹುದು ಅಂತ ನೀವು ನಡುವ ಜಾಗಾ ಬಿಟ್ಟಿದ್ರೋ ಇಲ್ಲೋ, ಅಷ್ಟ ಪ್ರಶ್ನಿ." ಹಿಂದಿನಿಂದ ಗುದ್ದಿದವನದೇ ತಪ್ಪು, ಅದರಲ್ಲಿ ಚರ್ಚೆಯೇ ಇಲ್ಲ ಎಂದು ಬೋರ್ಡಿಗೆ ಸುಣ್ಣದ ಕಡ್ಡಿ ಕುಟ್ಟಿ ಹೇಳುತ್ತಿದ್ದೆ.

ಎಂಟು ವರ್ಷ ನನ್ನ ಪಕ್ಕದ ಸೀಟು ಅತ್ತೆಯದಾಗಿತ್ತು. ನನ್ನ ನಾದಿನಿಯನ್ನು ಹುಮನಾಬಾದಿಗೇ ಕೊಟ್ಟಿದ್ದರಿಂದ, "ನಿನ್ನ ಗಾಡಿ ಖಾಲಿ ಯಾಕ ಹೋಗಬೇಕು" ಎನ್ನುತ್ತ ಅತ್ತೆ ವಾರಕ್ಕೆ ನಾಲ್ಕು ದಿನವಾದರೂ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನನಗಿಂತ ಮೊದಲೇ ಬಂದು ಸೀಟಿನಲ್ಲಿ ಕೂತಿರುತ್ತಿದ್ದರು. ಮಗಳ ಮನೆಯಲ್ಲಿ ದಿನ ಕಳೆದು ಸಂಜೆ ನನ್ನ ಜೊತೆಗೇ ವಾಪಸು. ದಾರಿಯುದ್ದಕ್ಕೂ ನಮ್ಮ ಜಗಳ ಸೀಟ್ ಬೆಲ್ಟಿನದು. "ನನಗ್ಯಾಕ ದಾವಣಿ ಕಟ್ಟತಿ? ನಾ ಏನ್ ಎಮ್ಮಿ ಏನ?" ಎಂದು ಗೊಣಗುತ್ತಿದ್ದರು. ನಾನು ಬಗ್ಗಿ, ಎಳೆದು, ಸಿಕ್ಕಿಸುತ್ತಿದ್ದೆ. ಅರ್ಧ ದಾರಿಯ ತನಕ ಸುಮ್ಮನಿರುತ್ತಿದ್ದರು. ಅಲ್ಲಿ ಅಜ್ಜನ ಕಟ್ಟೆ ಬರುತ್ತಿತ್ತು.

ರಸ್ತೆಯ ಎಡಕ್ಕೆ ಒಂದು ಬೇವಿನ ಮರ, ಅದರ ಬುಡಕ್ಕೆ ಸುಣ್ಣ ಹೊಡೆದ ಕಟ್ಟೆ, ಕಟ್ಟೆಯ ಮೇಲೆ ಎಣ್ಣೆ ಕುಡಿದು ಕಪ್ಪಾದ ಒಂದು ಕಲ್ಲು. ಯಾವ ಅಜ್ಜ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವರು ಶರಣ ಎನ್ನುತ್ತಿದ್ದರು, ಕೆಲವರು ಪೀರ ಎನ್ನುತ್ತಿದ್ದರು, ವಿಭೂತಿಯೂ ಇರುತ್ತಿತ್ತು, ಊದಿನಕಡ್ಡಿಯೂ ಇರುತ್ತಿತ್ತು. ಆದರೆ ಆ ದಾರಿಯ ಚಾಲಕರೆಲ್ಲ ಅಲ್ಲಿ ಗಾಡಿ ನಿಧಾನ ಮಾಡಿ, ಒಂದು ಹಾರ್ನ್ ಹಾಕಿ, ಕೈ ಎದೆಗೆ ಮುಟ್ಟಿಸಿಯೇ ಮುಂದೆ ಹೋಗಬೇಕು. ಹಾಗೆ ಮಾಡದೆ ಹೋದವನ ಗಾಡಿ ಮನೆ ಮುಟ್ಟುವುದಿಲ್ಲ ಎಂಬ ನಂಬಿಕೆ. ನನಗೆ ಇದೆಲ್ಲ ಸೇರುತ್ತಿರಲಿಲ್ಲ. ಆದರೆ ಅತ್ತೆ ಕಟ್ಟೆ ಬರುವ ಮೊದಲೇ ಬೆಲ್ಟ್ ಬಿಚ್ಚಿಬಿಡುತ್ತಿದ್ದರು, ಬಗ್ಗಿ ಕೈಮುಗಿಯಲು. ಬೆಲ್ಟ್ ಬಿಚ್ಚಿದ್ದಕ್ಕೆ ಕಾರು ಟಿಂಗ್ ಟಿಂಗ್ ಎಂದು ಕೂಗಲು ಶುರುಮಾಡುತ್ತಿತ್ತು. "ನಿಧಾನ ಮಾಡು ಯವ್ವಾ" ಎನ್ನುವರು. ಮುದುಕಿಯ ಹಣೆ ಡ್ಯಾಷ್‌ಬೋರ್ಡಿಗೆ ಬಡಿಯಬಾರದಲ್ಲ, ನಾನು ಬ್ರೇಕ್ ಹಾಕುತ್ತಿದ್ದೆ. ಎಂಟು ವರ್ಷ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಟಿಂಗ್ ಎಂದಾಗ ಬ್ರೇಕ್.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಅದಾದ ಮರುವರ್ಷ ರಸ್ತೆ ಅಗಲ ಮಾಡಲು ಬೇವಿನ ಮರ ಕಡಿದರು, ಕಟ್ಟೆ ಒಡೆದರು. ಕಲ್ಲಿಗೆ ಪೂಜೆ ಮಾಡಿ, ಹೊಲದೊಳಗೆ ದೂರದಲ್ಲಿ ಹೊಸ ಸಿಮೆಂಟಿನ ಗುಡಿ ಕಟ್ಟಿ ಅದರೊಳಗೆ ಇಟ್ಟರು. ಹಳೆಯ ಜಾಗದಲ್ಲಿ ಈಗ ಜಲ್ಲಿ ಹರಡಿದ ಬರೀ ನೆಲ. ಅಲ್ಲಿ ನೋಡಲು ಏನೂ ಇಲ್ಲ.

ಅದು ಜನವರಿಯ ಒಂದು ಬೆಳಿಗ್ಗೆ. ಒಳ್ಳೆಯ ಬಿಸಿಲು, ರಸ್ತೆ ಹೆಚ್ಚುಕಡಿಮೆ ಖಾಲಿ. ತೊಗರಿ ಕೊಯ್ದ ಹೊಲಗಳು ಎರಡೂ ಕಡೆ ಬೋಳಾಗಿದ್ದವು. ಬಂಗ್ಲಾದಿಂದಲೇ ಒಂದು ಹಳದಿ ಶಾಲಾ ವ್ಯಾನು ನನ್ನ ಹಿಂದೆ ಬರುತ್ತಿತ್ತು. ಪಕ್ಕದ ಸೀಟಿನ ಮೇಲೆ ತಿದ್ದಿದ ಉತ್ತರ ಪತ್ರಿಕೆಗಳ ಕಟ್ಟು. ಕಟ್ಟೆ ಇದ್ದ ಜಾಗ ಹತ್ತಿರ ಬಂತು.

ಟಿಂಗ್, ಟಿಂಗ್, ಟಿಂಗ್.

ಕಾಲು ಬ್ರೇಕಿನ ಮೇಲೆ ಹೋಯಿತು. ನಾನು ಒತ್ತಿದೆ ಎನ್ನಲಾರೆ, ಕಾಲು ಹೋಯಿತು, ಅಷ್ಟೆ. ಜೊತೆಗೆ ಎಡಗೈಯೂ ಹೋಯಿತು, ಅತ್ತೆಯ ಎದೆಗೆ ಅಡ್ಡವಾಗಿ, ಅವರು ಮುಂದೆ ಬೀಳದ ಹಾಗೆ. ಕೈಗೆ ಗಾಳಿಯಲ್ಲದೆ ಏನೂ ಸಿಗಲಿಲ್ಲ. ಆಮೇಲೆ ಹಿಂದಿನಿಂದ ಗುದ್ದು. ಕುತ್ತಿಗೆ ಹಿಂದೆ ಹೋಗಿ ಮುಂದೆ ಬಂತು, ಹಿಂದಿನ ಗಾಜು ಪುಡಿಯಾಗಿ ಸುರಿಯಿತು, ಉತ್ತರ ಪತ್ರಿಕೆಗಳು ಕಾರಿನೊಳಗೆಲ್ಲ ಹಾರಿದವು. ಎಲ್ಲ ನಿಂತ ಮೇಲೆ ಎಂಥ ಮೌನವೆಂದರೆ ಹೊಲದಾಚೆ ಯಾವುದೋ ಮೋಟರಿನ ನೀರು ಬೀಳುವುದು ಕೇಳುತ್ತಿತ್ತು. ಟಿಂಗ್ ಎಂಬ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ವ್ಯಾನಿನ ಚಾಲಕ ಓಡಿ ಬಂದ. ನಲವತ್ತರ ಹತ್ತಿರದ ವಯಸ್ಸು, ಮಂಠಾಳದವನು ಎಂದು ಆಮೇಲೆ ತಿಳಿಯಿತು. ಮಕ್ಕಳನ್ನು ಶಾಲೆಗೆ ಇಳಿಸಿ, ಖಾಲಿ ವ್ಯಾನನ್ನು ಟೈರ್ ಕೆಲಸಕ್ಕೆ ಹುಮನಾಬಾದಿಗೆ ಒಯ್ಯುತ್ತಿದ್ದ. ಅವನಿಗೆ ಗಾಯವಾಗಿರಲಿಲ್ಲ. ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಹತ್ತಿರದ ಚಹಾ ಅಂಗಡಿಯವನು ಬಂದ, ಬೈಕಿನವರು ನಿಂತರು, ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಬಂದರು. ನಮ್ಮ ಕಡೆ ಅವರನ್ನು ದಫೇದಾರರು ಎನ್ನುತ್ತೇವೆ. ವಯಸ್ಸಾದವರು, ಅವಸರವಿಲ್ಲದವರು. ಹಾಳೆ ಬಿಡಿಸಿಕೊಂಡು ಕೇಳಿದರು.

"ಬ್ರೇಕ್ ಯಾಕ ಹಾಕಿದ್ರಿ ಮೇಡಂ?"

ಸುತ್ತ ನಿಂತವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಸತ್ತ ಅತ್ತೆ ಬೆಲ್ಟ್ ಬಿಚ್ಚಿದ ಸದ್ದು ಬಂತು ಎಂದು ಅವರ ಮುಂದೆ ಹೇಳಬೇಕಿತ್ತೇ? ನಾಚಿಕೆ ನನ್ನ ಬಾಯಿಗೆ ಬಂದು ಕೂತಿತು. "ನಾಯಿ ಅಡ್ಡ ಬಂತು" ಎಂದೆ.

ದಫೇದಾರರು ಬರೆದುಕೊಂಡು ಚಾಲಕನ ಕಡೆ ತಿರುಗಿದರು. "ಏನಪ್ಪಾ? ನಾಯಿ ಬಂದಿತ್ತೇನು?"

ಅವನು ನನ್ನ ಮುಖ ನೋಡಿದ, ನಾನು ಮುಖ ತಿರುಗಿಸಿದೆ. ಅವನೆಂದ, "ಹೌದ್ರಿ ಸಾಹೇಬ್ರ. ನಾನೂ ನೋಡೀನ್ರಿ. ಕರೀ ನಾಯಿ."

ನಾನು ಬಣ್ಣ ಹೇಳಿರಲಿಲ್ಲ.

ಮನೆಗೆ ಬಂದು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗಿದೆ. ಯಜಮಾನರು ಮೊದಲನೆಯ ದಿನ ಬಹಳ ಪ್ರೀತಿಯಿಂದ ನೋಡಿಕೊಂಡರು. ಎರಡನೆಯ ದಿನಕ್ಕೆ, "ನಾಯಿಗಿ ಏನೂ ಆಗಿಲ್ಲಲ್ಲ?" ಎಂದು ಚಾಷ್ಟಿ ಶುರುಮಾಡಿದರು. ನನಗೆ ನಗು ಬರಲಿಲ್ಲ. ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು. ನಾಯಿ ಇದ್ದರೆ ನಾನು ಬ್ರೇಕ್ ಹಾಕಿದ್ದು ಸರಿ, ಜಾಗ ಬಿಡದೆ ಬಂದ ಚಾಲಕನದೇ ಪೂರ್ತಿ ತಪ್ಪು. ನಾಯಿ ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಒಮ್ಮೆಲೇ ನಿಂತ ನಾನೂ ಉತ್ತರ ಕೊಡಬೇಕು. ನಾಯಿ ಇಲ್ಲ ಎಂದಿದ್ದರೆ ಅವನಿಗೇ ಲಾಭವಿತ್ತು. ತನ್ನನ್ನೇ ಮುಳುಗಿಸುವ ಸುಳ್ಳಿಗೆ ಒಬ್ಬ ಮನುಷ್ಯ ಯಾಕೆ ಹೌದು ಎನ್ನುತ್ತಾನೆ? ಅಥವಾ ನಿಜವಾಗಿಯೂ ನಾಯಿ ಬಂದಿತ್ತೇ? ನಾನು ಸುಳ್ಳೆಂದುಕೊಂಡು ನಿಜ ಹೇಳಿದ್ದೆನೇ?

ವಾರದ ನಂತರ ಕಾರು ರಿಪೇರಿಯಾಗಿ ಬಂತು. ಮೆಕ್ಯಾನಿಕ್‌ಗೆ ಬೆಲ್ಟಿನ ಸದ್ದಿನ ವಿಷಯ ಹೇಳಿದೆ. "ಗುದ್ದಿದ ಜೋರಿಗಿ ಸೆನ್ಸರ್ ಅಲ್ಲಾಡಿರಬೇಕ್ರಿ" ಎಂದ. ಸದ್ದು ಗುದ್ದುವ ಮೊದಲು ಬಂದಿತ್ತು ಎಂದು ನಾನು ಅವನಿಗೆ ಹೇಳಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಅದೇ ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕದ ಸೀಟಿನ ಮೇಲಿಟ್ಟು ಇಂಜಿನ್ ಚಾಲೂ ಮಾಡಿದೆ. ಸದ್ದಿಲ್ಲ. ಎರಡು ದಪ್ಪ ಪಠ್ಯಪುಸ್ತಕ ಸೇರಿಸಿದೆ. ಇಲ್ಲ. ನೀರು ತುಂಬಿದ ಕ್ಯಾನು, ಅದರ ಮೇಲೆ ಇನ್ನೊಂದು ಕ್ಯಾನು ಇಟ್ಟಾಗ ಟಿಂಗ್ ಎಂದಿತು. ಕಾಗದದ ಭಾರಕ್ಕೆ ಅದು ಕೂಗುವುದಿಲ್ಲ. ಒಬ್ಬ ಸಣಕಲು ಮುದುಕಿಯ ಭಾರ ಬೇಕು. ಹೆಜ್ಜೆ ಹೆಜ್ಜೆಗೂ ಪ್ರಯೋಗ ಮಾಡು ಎಂದು ಮಕ್ಕಳಿಗೆ ಹೇಳುವವಳು ಅಂದು ಪ್ರಯೋಗ ಮಾಡಬಾರದಿತ್ತು ಎಂದುಕೊಂಡೆ.

ಅಷ್ಟರಲ್ಲಿ ನಾಯಿ ಬೆಳೆಯುತ್ತಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇತಿಹಾಸದ ಮೇಡಂ, "ಆ ಕಟ್ಟಿ ಜಾಗದಾಗ ಕರೀ ನಾಯಿ ನಾನೂ ನೋಡೀನ್ರಿ, ಒಂದು ಕಿವಿ ಹರದದ" ಎಂದರು. ಚಹಾ ಅಂಗಡಿಯವನು ತಾನು ಕಣ್ಣಾರೆ ಕಂಡೆ ಎಂದು ದಫೇದಾರರಿಗೆ ಹೇಳಿಕೆಯನ್ನೇ ಬರೆಸಿದ್ದ. ಒಂದು ದಿನ ಪ್ರಥಮ ಪಿಯು ಹುಡುಗಿಯೊಬ್ಬಳು ಬಂದು, ಆ ನಾಯಿ ರಸ್ತೆ ದಾಟುವಾಗ ಹಿಂದೆ ತಿರುಗಿ ನೋಡುತ್ತದಂತೆ, ಹೌದಾ ಮೇಡಂ, ಎಂದು ಕೇಳಿದಳು. ನಾನು ಅವಳ ಮೇಲೆ ರೇಗಿದೆ. ಅಂದು ಸಂಜೆ ಮನೆಗೆ ಹೊರಟಾಗ ಆ ಜಾಗದಲ್ಲಿ ಹಿಂದೆ ತಿರುಗಿ ನೋಡುವ ನಾಯಿ ಕಾಣುತ್ತದೆಯೇ ಎಂದು ಕಣ್ಣು ಹುಡುಕಿತು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹೆದರಿಕೆಯನ್ನು ಬದಿಗೆ ಸರಿಸಿದ್ದು ಇನ್ನೊಂದು ಸುದ್ದಿ. ಶಾಲೆಯವರು ಆ ಚಾಲಕನ ಕೈಯಿಂದ ವ್ಯಾನಿನ ಕೀ ಇಸಿದುಕೊಂಡಿದ್ದರು. ಮುಂದೆ ನಾಯಿ ಬಂದದ್ದನ್ನು ಕಂಡೂ ಬ್ರೇಕ್ ಹಾಕದವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ತಿಂಗಳೊಪ್ಪತ್ತು ನೋಡಿ ಬೇರೆ ಚಾಲಕನನ್ನು ಇಟ್ಟುಕೊಳ್ಳುತ್ತಾರಂತೆ. ಹದಿನಾಲ್ಕು ವರ್ಷ ಒಂದು ಗೀರು ಬೀಳದಂತೆ ಗಾಡಿ ಓಡಿಸಿದವನು, ಗಾಡಿ ಬಿಟ್ಟು ಬೇರೆ ಕೆಲಸ ಬಾರದವನು ಎಂದೂ ಕೇಳಿದೆ. ಅವನ ಅನ್ನ ಕಿತ್ತುಕೊಂಡದ್ದು ನನ್ನ ನಾಯಿ.

ಮರುದಿನ ರಜೆ ಹಾಕಿ, ಅಳತೆಯ ಟೇಪು ಹಿಡಿದು ಆ ಜಾಗಕ್ಕೆ ಹೋದೆ. ಯಾರದು ಎಷ್ಟು ತಪ್ಪು ಎಂದು ರಸ್ತೆಯೇ ಹೇಳಲಿ ಎಂಬ ಆಸೆ. ಮಧ್ಯಾಹ್ನ ಎರಡರ ಸುಮಾರು. ನನ್ನ ಕಾರಿನ ಟೈರಿನ ಕಪ್ಪು ಗುರುತು ಇನ್ನೂ ಇತ್ತು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಗುರುತು, ಅದರಾಚೆ ಮತ್ತೊಂದು, ಮಾಸಿದ್ದು, ಮಾಸುತ್ತಿರುವುದು, ಹೊಸತು. ಬಗ್ಗಿ ನೋಡಿದೆ. ಎಲ್ಲ ಗುರುತುಗಳೂ ಹೆಚ್ಚುಕಡಿಮೆ ಒಂದೇ ಕಡೆಯಿಂದ ಶುರುವಾಗಿದ್ದವು, ಗೆರೆ ಎಳೆದಂತೆ. ಅಲ್ಲಿ ತಿರುವಿಲ್ಲ, ಉಬ್ಬಿಲ್ಲ, ಗುಂಡಿಯಿಲ್ಲ.

"ಏನ್ ಅಳತಿ ಮಾಡಾಕತ್ತೀರಿ ಅಕ್ಕಾರ?"

ಒಬ್ಬ ವಯಸ್ಸಾದ ಹೆಂಗಸು ಕೋಲಿಗೆ ಗದ್ದವಿಟ್ಟು ನಿಂತಿದ್ದಳು. ಹತ್ತಿರದ ಹುಡಗಿ ಎಂಬ ಊರಿನ ಕಡೆಯವಳು, ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸುತ್ತ ಬಂದವಳು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು, ಇಲ್ಲಿ ನನ್ನ ಕಾರಿಗೆ ಗುದ್ದಿದ್ದರು ಎಂದೆ.

"ಗುದ್ದತಾರ" ಎಂದಳು, ಮಳೆ ಬರುತ್ತದೆ ಎನ್ನುವ ಹಾಗೆ. "ಇಲ್ಲಿ ಎಲ್ಲಾರೂ ನಿಂದರತಾರ, ಹಿಂದಿನವರು ಗುದ್ದತಾರ. ಕುಂದರ್ರಿ, ನೋಡ್ರಿ."

ಅವಳ ಪಕ್ಕ ನೆಲದ ಮೇಲೆ ಕೂತೆ. ಹೈದರಾಬಾದ್ ಕಡೆಯ ದೊಡ್ಡ ಲಾರಿ ಬಂತು, ನೇರ ಹೋಯಿತು. ಮಹಾರಾಷ್ಟ್ರದ ಬಸ್ಸು ಬಂತು, ನೇರ ಹೋಯಿತು. ಆಮೇಲೆ ಬಸವಕಲ್ಯಾಣದ ಕಡೆಯ ಒಂದು ಟಂಟಂ ಆಟೋ ಬಂತು. ಆ ಗೆರೆ ಮುಟ್ಟಿದ್ದೇ ತಡ ಹಿಂದಿನ ಕೆಂಪು ದೀಪ ಹೊತ್ತಿತು, ಚಾಲಕನ ಕೈ ಎದೆಗೆ ಹೋಯಿತು, ಮುಖ ಎಡಕ್ಕೆ ತಿರುಗಿತು. ಎಡಕ್ಕೆ ನಾವಿಬ್ಬರು ಕೂತಿದ್ದೆವು. ಅವನು ನಮ್ಮನ್ನು ನೋಡಲಿಲ್ಲ. ನಮ್ಮ ತಲೆಯ ಮೇಲೆ, ಮರದ ಕೊಂಬೆ ಇದ್ದ ಎತ್ತರದಲ್ಲಿ ನೋಡುತ್ತಿದ್ದ. ಅವನ ಹಿಂದೆ ಒಂದು ಬೈಕು, ಕೆಂಪು ದೀಪ, ಮುಖ ಎಡಕ್ಕೆ. ಒಂದು ಜೀಪು, ಅದರೊಳಗಿದ್ದ ಹೆಂಗಸರೆಲ್ಲ ಒಟ್ಟಿಗೆ ಮುಖ ಎಡಕ್ಕೆ ತಿರುಗಿಸಿದರು. ಖಾಲಿ ಜಲ್ಲಿಗೆ, ಖಾಲಿ ಗಾಳಿಗೆ. ಹೊಲದಾಚೆ ಅಜ್ಜನ ಕಲ್ಲು ಇಟ್ಟ ಹೊಸ ಗುಡಿ ಬಿಸಿಲಿಗೆ ಹೊಳೆಯುತ್ತಿತ್ತು. ಆ ಕಡೆ ಒಬ್ಬರೂ ನೋಡಲಿಲ್ಲ.

"ಆಯಿ, ನೀ ಇಲ್ಲಿ ಕರೀ ನಾಯಿ ನೋಡೀಯೇನು?" ಎಂದು ಕೇಳಿದೆ.

"ನಾಯಿ ಎಲ್ಲಿ ಅದರಿ? ನಾಯಿ ಇದ್ದರ ನನ್ನ ಕುರಿ ಹೆದರತಿದ್ದಿಲ್ಲೇನು?" ಎಂದು ನಕ್ಕಳು. "ನಾಯಿ ಇಲ್ಲ, ಏನೂ ಇಲ್ಲ. ಬರೇ ಅಜ್ಜನ ಜಾಗಾ."

ಎದ್ದು ಕುರಿಗಳನ್ನು ಹೊಡೆದುಕೊಂಡು ಹೊರಟಳು. ಕುರಿಗಳು ಜಲ್ಲಿಯ ಮೇಲೆ ಹಾದು ಹೋದವು. ಕಟ್ಟೆ ಇದ್ದಲ್ಲಿ ಹಿಂಡು ಎರಡಾಗಿ ಸೀಳಿ, ಏನನ್ನೋ ಬಳಸಿ, ಆಚೆ ಮತ್ತೆ ಒಂದಾಯಿತು. ನಡುವೆ ಒಂದು ಕಟ್ಟೆಯಷ್ಟೇ ಜಾಗ ಬಿಟ್ಟಿದ್ದವು. ಹಳೆಯ ಕುರಿಗಳ ಅಭ್ಯಾಸವಿರಬೇಕು, ಮರಿಗಳು ಅವುಗಳ ಹಿಂದೆ ಹೋಗಿರಬೇಕು. ಹಾಗೆಂದು ನನಗೆ ನಾನೇ ಪಾಠ ಹೇಳಿಕೊಂಡೆ. ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದೆ, ಅಳೆಯಲಿಲ್ಲ.

ಆದರೆ ಕಾರಿನ ಬಾಗಿಲು ತೆಗೆಯುವಾಗ ಆ ಚಾಲಕನ ಅಂಗೈ ನೆನಪಾಯಿತು. ಡಿಕ್ಕಿಯಾದ ಮೇಲೆ ಅವನು ನೋಡಿಕೊಳ್ಳುತ್ತಿದ್ದದ್ದು ಗಾಡಿಯನ್ನಲ್ಲ, ಕೈಗಳನ್ನು. ನನಗೆ ಏನೋ ಹೊಳೆಯಿತು. ಗಾಡಿಯನ್ನು ನೇರ ಮಂಠಾಳಕ್ಕೆ ಬಿಟ್ಟೆ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬಲಗೈಯ ಬೆರಳುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು, ಕೀ ಹಾಕಿ ಗಾಡಿ ಚಾಲೂ ಮಾಡುವ ಹಾಗೆ. ನನ್ನನ್ನು ಕಂಡು ಗಾಬರಿಯಿಂದ ಎದ್ದ. ನಾನು ಕೂರಲೂ ಇಲ್ಲ.

"ನಾಯಿ ಬಂದಿದ್ದಿಲ್ಲ. ನಾ ಸುಳ್ಳು ಹೇಳೀನಿ. ನೀ ಯಾಕ ಹೌದು ಅಂದಿ?"

ಅವನು ನೆಲ ನೋಡುತ್ತ ಹೇಳಿದ. "ಮೇಡಂ, ನೀವು ಸಾಲಿ ಕಲಿಸೋರು. ನೀವು ಸುಳ್ಳು ಹೇಳಂಗಿಲ್ಲ ಅಂದುಕೊಂಡೆ. ನಾಯಿ ಬಂದಿರಬೇಕು, ನಾ ನೋಡಿಲ್ಲ ಅಂದುಕೊಂಡೆ. ನೋಡಿಲ್ಲ ಅಂದರ, ಯಾಕ ನೋಡಿಲ್ಲ ಅಂತ ಕೇಳತಿದ್ರು."

"ಯಾಕ ನೋಡಿಲ್ಲ?"

"ಕಣ್ಣು ಮುಚ್ಚಿದ್ದೆನ್ರಿ." ದನಿ ಕೆಳಗಿಳಿಯಿತು. "ಎರಡೂ ಕೈ ಮುಗದಿದ್ದೆ."

ನನಗೆ ಎಲ್ಲಿಂದ ಸಿಟ್ಟು ಬಂತೋ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ, ಸ್ಟೇರಿಂಗ್ ಬಿಟ್ಟು, ಕಣ್ಣು ಮುಚ್ಚಿ! ಹಿಂದೆ ಮಕ್ಕಳಿದ್ದಿದ್ದರೆ? ಓಣಿಗೆಲ್ಲ ಕೇಳುವ ಹಾಗೆ ಬೈದೆ. "ಮಕ್ಕಳಿದ್ದಾಗ ಒಂದ ಕೈ ಎತ್ತತೇನ್ರಿ, ಕಣ್ಣು ಮುಚ್ಚಂಗಿಲ್ರಿ, ಆಣಿ ಮಾಡಿ ಹೇಳತೇನಿ" ಎಂದ. ಅಳುತ್ತಿದ್ದ. ಬೈಯುತ್ತ ಬೈಯುತ್ತ ನನ್ನ ಮಾತು ನನಗೇ ಕೇಳಿಸಿ ಬಾಯಿ ಮುಚ್ಚಿದೆ. ಅವನು ಇಲ್ಲದ ಕಲ್ಲಿಗೆ ಸ್ಟೇರಿಂಗ್ ಬಿಟ್ಟಿದ್ದ. ನಾನು ಇಲ್ಲದ ಅತ್ತೆಗೆ ಬ್ರೇಕ್ ಹಾಕಿದ್ದೆ. ಇಬ್ಬರ ತಪ್ಪಿನಲ್ಲಿ ಹೆಚ್ಚುಕಡಿಮೆ ಎಲ್ಲಿದೆ?

ಮರುದಿನ ಠಾಣೆಗೆ ಹೋದೆ. ದಫೇದಾರರ ಎದುರು ಕೂತು, ನಾಯಿ ಬಂದಿರಲಿಲ್ಲ, ಹೇಳಿಕೆ ಬದಲಿಸಬೇಕು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟು ಸಸಾರ ಅಲ್ರಿ ಮೇಡಂ ನಾಯಿ ತಗಿಯೂದು. ನಿಮ್ಮ ಬಿಟ್ಟು ಇನ್ನೂ ಇಬ್ಬರು ನೋಡ್ಯಾರ."

"ನೋಡ್ಲಿ. ನಾ ನೋಡಿಲ್ಲ."

"ಮತ್ತ ಬ್ರೇಕ್ ಯಾಕ ಹಾಕಿದ್ರಿ?"

ಹೇಳಿದೆ. ಬೆಲ್ಟಿನ ಸದ್ದು, ಎಂಟು ವರ್ಷ, ಎಲ್ಲ. ಅತ್ತೆ ಸತ್ತಾಗ ನೆಂಟರಿಗೆ ಚಹಾ ಮಾಡುತ್ತ, ಬಂದವರಿಗೆ ಚಾಪೆ ಹಾಸುತ್ತ ಇದ್ದುಬಿಟ್ಟಿದ್ದೆ, ಸರಿಯಾಗಿ ಅತ್ತಿರಲಿಲ್ಲ. ಈಗ ಪೊಲೀಸ್ ಠಾಣೆಯಲ್ಲಿ ಕೂತು ಅತ್ತುಬಿಟ್ಟೆ. ಸೆರಗಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದಾಗ ದಫೇದಾರರು ನಗುತ್ತಿರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಮರ ಕಡದ ಮ್ಯಾಲೂ ನನಗ ಅಲ್ಲಿ ನೆರಳು ಬಡದಂಗ ಆಗತದ್ರಿ" ಎಂದರು. "ಬಿಸಲಾಗ ಗಾಡಿ ಮ್ಯಾಲ ಹೋಗಾಗ, ಅಷ್ಟ ಜಾಗಾ ತಂಪು." ಆಮೇಲೆ ಏನೂ ಆಡದವರಂತೆ ಹೊಸ ಹಾಳೆ ತೆಗೆದರು. ಕಾರಣವಿಲ್ಲದೆ ಒಮ್ಮೆಲೇ ಬ್ರೇಕ್ ಹಾಕಿರುತ್ತೇನೆ ಎಂದು ಬರೆದರು. ನಾನು ಸಹಿ ಮಾಡಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನೆಲ್ಲ ಆ ಒಂದು ಸಾಲು ಅಳಿಸಿತು.

ಚಾಲಕನನ್ನು ಕರೆದುಕೊಂಡು ಶಾಲೆಗೆ ಹೋದೆ. ಮುಖ್ಯಶಿಕ್ಷಕಿ ಕಟ್ಟುನಿಟ್ಟಿನ ಹೆಂಗಸು, ನನ್ನದೇ ವಯಸ್ಸು. ತಪ್ಪು ನನ್ನದೂ ಇದೆ ಎಂದು ಹೇಳಿ, ಹೊಸ ಹೇಳಿಕೆಯ ನಕಲು ಮೇಜಿನ ಮೇಲಿಟ್ಟೆ. ಅವನ ಕೈಯ ವಿಷಯ ನಾನು ಹೇಳಬಾರದು, ಅದು ಅವನದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ಆದರೆ ಅವನು ಅದನ್ನು ಮುಚ್ಚಿಟ್ಟು ಕೀ ಇಸಿದುಕೊಂಡರೆ ನಾಳೆ ಮಕ್ಕಳ ಕಥೆ ಏನು ಎಂಬ ಭಯವೂ ಇತ್ತು. ಮುಖ್ಯಶಿಕ್ಷಕಿ ಓದಿ ಮುಗಿಸಿ ಅವನನ್ನೇ ಕೇಳಿದರು.

"ಆಗ ನಿನ್ನ ಕೈ ಸ್ಟೇರಿಂಗ್ ಮ್ಯಾಲಿದ್ದವೇನು?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ನನ್ನ ಕಡೆ ನೋಡಿದ. ಈ ಸಲ ನಾನು ಮುಖ ತಿರುಗಿಸಲಿಲ್ಲ.

"ಇಲ್ರಿ" ಎಂದ. "ಮುಗದಿದ್ದೆ."

ಮುಖ್ಯಶಿಕ್ಷಕಿ ಕಿಟಕಿಯಾಚೆ ನಿಂತಿದ್ದ ಹಳದಿ ವ್ಯಾನಿನ ಕಡೆ ಒಮ್ಮೆ ನೋಡಿದರು. ಅವರೂ ಆ ದಾರಿಯವರೇ. ಆಮೇಲೆ ಹೇಳಿದರು. ಮಕ್ಕಳನ್ನು ಈಗಲೇ ಕೂರಿಸುವುದಿಲ್ಲ. ಒಂದು ತಿಂಗಳು ಅವನು ಖಾಲಿ ವ್ಯಾನ್ ಓಡಿಸಬೇಕು, ದಿನಾ ಹುಮನಾಬಾದಿನ ತನಕ, ಪಕ್ಕದಲ್ಲಿ ತಾವು ಕೂರುತ್ತಾರೆ. ಒಂದು ಸಲ, ಒಂದೇ ಸಲ ಕೈ ಮೇಲೆದ್ದರೆ ಕೀ ಇಳಿಸಿ ಮನೆಗೆ. ಸುಳ್ಳು ಹೇಳಿದ್ದರೆ ಅದೂ ಇರುತ್ತಿರಲಿಲ್ಲ ಎಂದು ಕೀಯನ್ನು ಮೇಜಿನ ಮೇಲೆ ಸರಿಸಿದರು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಹೊರಡುವ ಮೊದಲು ನಾನು ಒಂದು ಕೆಲಸ ಮಾಡಿದೆ. ಬಗ್ಗಿ, ಎಳೆದು, ಖಾಲಿ ಸೀಟಿನ ಬೆಲ್ಟ್ ಸಿಕ್ಕಿಸಿದೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು ನೋಡಿದರು. ಚಾಷ್ಟಿ ಮಾಡುತ್ತಾರೆಂದು ಕಾದೆ. ಅವರು ಬಂದು ಎಡಗಡೆಯ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಒಮ್ಮೆ ತಳ್ಳಿ ನೋಡಿ ಒಳಗೆ ಹೋದರು.

ಬಂಗ್ಲಾದಲ್ಲಿ ಹಳದಿ ವ್ಯಾನು ನನ್ನ ಹಿಂದೆ ಹೈವೇ ಹತ್ತಿತು. ಅದೇ ಬಿಸಿಲು, ಅದೇ ಬೋಳು ಹೊಲ. ಕಟ್ಟೆಯ ಜಾಗ ಇನ್ನೂ ದೂರವಿರುವಾಗಲೇ ಎಡಕ್ಕೆ ಇಂಡಿಕೇಟರ್ ಹಾಕಿ ವೇಗ ಇಳಿಸುತ್ತ ಬಂದೆ. ಅತ್ತೆಯ ಬೆಲ್ಟ್ ಬಿಗಿಯಾಗಿ ಸಿಕ್ಕಿಸಿದ್ದು ನನ್ನ ಕೈಯೇ, ನೆನಪಿದೆ. ಜಲ್ಲಿಯ ನೆಲ ಪಕ್ಕಕ್ಕೆ ಬಂತು.

ಟಿಂಗ್, ಟಿಂಗ್, ಟಿಂಗ್.

ನಾನು ಎಡಕ್ಕೆ ತಿರುಗಿ ನೋಡಲಿಲ್ಲ. ಮೊದಲು ಕನ್ನಡಿ ನೋಡಿದೆ. ವ್ಯಾನು ಬೇಕಾದಷ್ಟು ಜಾಗ ಬಿಟ್ಟು ಹಿಂದೆ ನಿಧಾನವಾಗಿ ಬರುತ್ತಿತ್ತು. ಅವನ ಎರಡೂ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಪಕ್ಕದಲ್ಲಿ ಕೂತ ಮುಖ್ಯಶಿಕ್ಷಕಿ, ಇಬ್ಬರ ಪಾಲಿನದನ್ನೂ ಸೇರಿಸಿ, ಕಣ್ಣು ಮುಚ್ಚಿ ಕೈಮುಗಿದಿದ್ದರು.